ಭಾನುವಾರ ಓಡದ ಓಟಗಾರ

ನಮ್ಮ ನಾಡಿನಲ್ಲಿ ಈಗ ಓಟದ ಹುರುಪು ಎದ್ದಿದೆ. ಬೆಂಗಳೂರಿನ ಹತ್ತು ಕಿಲೋಮೀಟರ್ ಓಟಕ್ಕೆ ಸಾವಿರಗಟ್ಟಲೆ ಜನ ಸೇರುತ್ತಾರೆ. ಮೈಸೂರು, ಮಂಗಳೂರು, ಹುಬ್ಬಳ್ಳಿಗಳಲ್ಲೂ ಎದೆಗೆ ನಂಬರ್ ಚೀಟಿ ಸಿಕ್ಕಿಸಿಕೊಂಡ ಗಂಡಸರು, ಹೆಂಗಸರು, ಮಕ್ಕಳು ಮುಂಜಾನೆಯ ರಸ್ತೆಗಿಳಿಯುತ್ತಾರೆ. ಸಕ್ಕರೆ ಕಾಯಿಲೆ, ರಕ್ತದೊತ್ತಡಗಳು ಮನೆಮನೆಯ ಮಾತಾಗಿರುವ ಕಾಲದಲ್ಲಿ ಇದು ಸಂತೋಷಪಡಬೇಕಾದ ಸಂಗತಿ. ಆದರೆ ಈ ಓಟಗಳು ಹೆಚ್ಚಾಗಿ ನಡೆಯುವುದು ಭಾನುವಾರ ಬೆಳಿಗ್ಗೆ. ಅಂದು ಕಚೇರಿಗೆ ರಜೆ, ರಸ್ತೆಯಲ್ಲಿ ವಾಹನ ಕಡಿಮೆ. ಓಟ ಏರ್ಪಡಿಸುವವರಿಗೆ ಬೇರೆ ಅನುಕೂಲದ ದಿನವಿಲ್ಲ. ಕ್ರೈಸ್ತ ಮನೆಗಳ ಹುಡುಗ ಹುಡುಗಿಯರಿಗಾದರೋ ಅದೇ ಹೊತ್ತಿಗೆ ಆರಾಧನೆಯ ಗಂಟೆ ಬಾರಿಸುತ್ತದೆ. "ಅಂಕಲ್, ಓಟಕ್ಕೆ ಹೋಗಲೋ, ಚರ್ಚಿಗೆ ಬರಲೋ?" ಎಂದು ನಮ್ಮ ಸಭೆಯ ಯುವಕರು ನನ್ನನ್ನು ಆಗಾಗ ಕೇಳುತ್ತಾರೆ. ನಾನೂ ಬೆಳಗಿನ ಜಾವ ಓಡುವವನೆಂದು ಅವರಿಗೆ ಗೊತ್ತು.

ಈ ಪ್ರಶ್ನೆಯ ಹಿಂದೆ ಇನ್ನೊಂದು ಪ್ರಶ್ನೆ ಇದೆ. ನಂಬಿಕೆಗೂ ದೇಹಕ್ಕೂ ಏನು ಸಂಬಂಧ? ಆತ್ಮವನ್ನು ಉಳಿಸಿಕೊಳ್ಳಬೇಕಾದವನು ಬೆವರು ಸುರಿಸಿ ಮೈ ಹುರಿಗಟ್ಟಿಸುವುದೇಕೆ? ದೇಹವೆಂದರೆ ಪಾಪದ ಬೀಡು, ಅದರ ಕಡೆ ಹೆಚ್ಚು ಗಮನ ಕೊಡಬಾರದು ಎಂಬ ಪ್ರಸಂಗಗಳನ್ನು ಕೇಳುತ್ತ ಬೆಳೆದವರು ನಮ್ಮಲ್ಲಿ ಬಹಳ ಮಂದಿ. ಆದರೆ ಸತ್ಯವೇದ ಹಾಗೆ ಹೇಳುವುದಿಲ್ಲ. ದೇಹ ದೇವರ ಆತ್ಮ ವಾಸಿಸುವ ಆಲಯವೆಂದು ಕೊರಿಂಥದವರಿಗೆ ಬರೆದವನು ಅಪೊಸ್ತಲನಾದ ಪೌಲ. ಶರೀರವನ್ನು ಗುಡಿಯಾಗಿ ಕಂಡ ವಚನಕಾರರ ನಾಡಿನಲ್ಲಿ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ.

ಪೌಲನ ಪತ್ರಗಳಲ್ಲಿ ಓಟದ ಮಾತು ಮತ್ತೆ ಮತ್ತೆ ಬರುತ್ತದೆ. ಅದಕ್ಕೆ ಕಾರಣವಿದೆ. ಕೊರಿಂಥ ಪಟ್ಟಣದಲ್ಲಿ ಅವನು ಒಂದೂವರೆ ವರ್ಷ ಇದ್ದ. ಅಲ್ಲಿ ಅಕ್ವಿಲ ಪ್ರಿಸ್ಕಿಲ್ಲ ದಂಪತಿಗಳೊಡನೆ ಗುಡಾರ ಹೊಲಿಯುತ್ತ ಹೊಟ್ಟೆ ಹೊರೆದುಕೊಂಡ. ಆ ಪಟ್ಟಣದ ಹತ್ತಿರವೇ ಇಸ್ತ್ಮಿಯ ಎಂಬಲ್ಲಿ ಎರಡು ವರ್ಷಕ್ಕೊಮ್ಮೆ ದೊಡ್ಡ ಕ್ರೀಡೋತ್ಸವ ನಡೆಯುತ್ತಿತ್ತು. ಒಲಿಂಪಿಕ್ ಬಿಟ್ಟರೆ ಗ್ರೀಕರಿಗೆ ಅತ್ಯಂತ ಮುಖ್ಯವೆನಿಸಿದ್ದ ಉತ್ಸವಗಳಲ್ಲಿ ಅದೂ ಒಂದು. ಅಂಥ ಉತ್ಸವವೊಂದನ್ನು ಪೌಲ ಕಣ್ಣಾರೆ ಕಂಡಿರಬೇಕೆಂದು ಹೇಳುವ ವಿದ್ವಾಂಸರಿದ್ದಾರೆ. ಕಾಣದಿದ್ದರೂ ಆ ಊರಿನ ಬೀದಿಗಳಲ್ಲಿ ಅದರ ಸುದ್ದಿ ಕೇಳದೆ ಇರಲು ಸಾಧ್ಯವಿರಲಿಲ್ಲ. ಗೆದ್ದವನ ತಲೆಗೆ ಪೈನ್ ಮರದ ಸೊಪ್ಪಿನ ಕಿರೀಟ, ಕೆಲವು ಕಾಲ ಒಣಗಿದ ಸೆಲರಿ ಸೊಪ್ಪಿನದು. ಅಷ್ಟಕ್ಕಾಗಿ ತಿಂಗಳುಗಟ್ಟಲೆ ಪಥ್ಯ, ಸಾಧನೆ, ಸಂಯಮ. ಬಾಡಿಹೋಗುವ ಕಿರೀಟಕ್ಕೆ ಇವರು ಇಷ್ಟು ಕಷ್ಟಪಡುವುದಾದರೆ ಬಾಡದ ಕಿರೀಟಕ್ಕೆ ನಾವೆಷ್ಟು ಪಡಬೇಕು ಎಂಬುದು ಪೌಲನ ವಾದ. ಗುರಿಯಿಲ್ಲದೆ ಓಡಬೇಡಿ ಎಂದು ಅವನು ಎಚ್ಚರಿಸಿದ. ಸೆರೆಯಲ್ಲಿದ್ದು ಸಾವನ್ನು ಎದುರು ನೋಡುತ್ತ ಶಿಷ್ಯ ತಿಮೊಥೆಯನಿಗೆ ಬರೆಯುವಾಗ, ತನ್ನ ಬದುಕನ್ನೇ ಓಡಿ ಮುಗಿಸಿದ ಓಟವೆಂದು ಕರೆದ.

ಅದೇ ತಿಮೊಥೆಯನಿಗೆ ಬರೆದ ಮೊದಲ ಪತ್ರದಲ್ಲಿ, ದೇಹಸಾಧನೆಯಿಂದ ಆಗುವ ಲಾಭ ಸ್ವಲ್ಪ, ಭಕ್ತಿಯಿಂದ ಆಗುವ ಲಾಭ ಎಲ್ಲದಕ್ಕೂ ಎಂಬರ್ಥದ ಮಾತೊಂದಿದೆ. ವ್ಯಾಯಾಮ ಬೇಡವೆನ್ನುವವರು ಅದನ್ನೇ ಎತ್ತಿ ತೋರಿಸುತ್ತಾರೆ. ನನಗೆ ಆ ಮಾತಿನಲ್ಲಿ ತಿರಸ್ಕಾರ ಕಾಣುವುದಿಲ್ಲ. ಸ್ವಲ್ಪವಾದರೂ ಲಾಭ ಲಾಭವೇ. ಅದನ್ನು ಅದರ ಅಳತೆಯಲ್ಲಿ ಇಟ್ಟುಕೊಳ್ಳಿ ಎನ್ನುತ್ತಾನೆ ಪೌಲ, ಅಷ್ಟೇ. ಓಟಕ್ಕೂ ನಂಬಿಕೆಗೂ ಇರುವ ನಂಟೆಲ್ಲ ಈ ಅಳತೆಯಲ್ಲಿದೆ ಎಂದು ನಾನು ನಂಬಿದ್ದೇನೆ. ಆ ಅಳತೆಯನ್ನು ಬದುಕಿ ತೋರಿಸಿದ ಒಬ್ಬ ಮನುಷ್ಯನ ವಿಷಯವನ್ನು ಇಂದು ನಿಮ್ಮ ಮುಂದೆ ಇಡುತ್ತೇನೆ. ಅವರ ಹೆಸರು ಎರಿಕ್ ಲಿಡೆಲ್.

ಲಿಡೆಲ್ ಸ್ಕಾಟ್ಲೆಂಡಿನ ಮನೆತನದವರು. ಹುಟ್ಟಿದ್ದು ಮಾತ್ರ ಚೀನಾದ ತಿಯೆನ್‌ತ್ಸಿನ್ ನಗರದಲ್ಲಿ, 1902ರ ಜನವರಿ 16ರಂದು. ತಂದೆತಾಯಿ ಲಂಡನ್ ಮಿಷನರಿ ಸೊಸೈಟಿಯ ಸೇವೆಯಲ್ಲಿದ್ದರು. ಈ ಸೊಸೈಟಿಯ ಹೆಸರು ಕನ್ನಡಿಗರಿಗೆ ಹೊಸದಲ್ಲ. 1810ರಲ್ಲಿ ಬಳ್ಳಾರಿಗೆ ಬಂದು ಸತ್ಯವೇದವನ್ನು ಕನ್ನಡಕ್ಕೆ ತಂದ ಜಾನ್ ಹ್ಯಾಂಡ್ಸ್, ಕನ್ನಡ ನಿಘಂಟಿಗಾಗಿ ದುಡಿದ ವಿಲಿಯಂ ರೀವ್, ಬೆಂಗಳೂರಿನಲ್ಲಿ ಬದುಕು ಸವೆಸಿದ ಬೆಂಜಮಿನ್ ರೈಸ್, ಎಲ್ಲರೂ ಅದೇ ಸೊಸೈಟಿಯವರು. ನಮ್ಮ ಶಾಸನಗಳನ್ನು ಬೆಳಕಿಗೆ ತಂದ ಬಿ. ಎಲ್. ರೈಸ್ ಈ ಬೆಂಜಮಿನ್ ರೈಸರ ಮಗ. ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿರುವ ರೈಸ್ ಸ್ಮಾರಕ ದೇವಾಲಯಕ್ಕೆ ತಂದೆಯ ಹೆಸರೇ ಇದೆ.

ಲಿಡೆಲ್ ಇಂಗ್ಲೆಂಡಿನ ಎಲ್ಟಮ್ ಕಾಲೇಜಿನ ವಸತಿ ಶಾಲೆಯಲ್ಲಿ ಓದಿ, ಎಡಿನ್‌ಬರೊ ವಿಶ್ವವಿದ್ಯಾಲಯ ಸೇರಿದರು. ರಗ್ಬಿಯಲ್ಲಿ ಸ್ಕಾಟ್ಲೆಂಡ್ ತಂಡಕ್ಕೆ ಆಡಿದರು. ಓಟದಲ್ಲಂತೂ ಅವರನ್ನು ಹಿಡಿಯುವವರಿರಲಿಲ್ಲ. ಓಡುವ ರೀತಿ ನೋಡಲು ಚೆಂದವಿರಲಿಲ್ಲ. ತಲೆ ಹಿಂದಕ್ಕೆ ವಾಲುತ್ತಿತ್ತು, ಬಾಯಿ ತೆರೆದಿರುತ್ತಿತ್ತು, ತೋಳುಗಳು ಗಾಳಿಯನ್ನು ಬಡಿಯುತ್ತಿದ್ದವು. ಹಾಗೆ ಓಡಿಯೇ 1923ರಲ್ಲಿ ನೂರು ಗಜದ ಓಟವನ್ನು 9.7 ಸೆಕೆಂಡಿನಲ್ಲಿ ಮುಗಿಸಿದರು. ಬ್ರಿಟನ್ನಿನ ಆ ದಾಖಲೆ ಬಹಳ ವರ್ಷ ಉಳಿಯಿತು. ಅದೇ ವರ್ಷದ ಜುಲೈನಲ್ಲಿ ಸ್ಟೋಕ್-ಆನ್-ಟ್ರೆಂಟ್ ಎಂಬಲ್ಲಿ 440 ಗಜದ ಓಟ. ಹೊರಟ ಸ್ವಲ್ಪ ಹೊತ್ತಿಗೇ ಮತ್ತೊಬ್ಬ ಓಟಗಾರನ ಡಿಕ್ಕಿಗೆ ಲಿಡೆಲ್ ಹುಲ್ಲಿನ ಮೇಲೆ ಬಿದ್ದರು. ಎದ್ದು ನೋಡಿದಾಗ ಉಳಿದವರು ಇಪ್ಪತ್ತು ಗಜದಷ್ಟು ಮುಂದೆ ಹೋಗಿಬಿಟ್ಟಿದ್ದರು. ಅವರ ಬೆನ್ನಟ್ಟಿ ಹೊರಟ ಲಿಡೆಲ್ ಎಲ್ಲರನ್ನೂ ದಾಟಿ ಗೆದ್ದರು. ಗೆರೆ ಮುಟ್ಟಿ ಕುಸಿದವರನ್ನು ಎತ್ತಿಕೊಂಡು ಹೋಗಬೇಕಾಯಿತು.

ಆ ವರ್ಷವೇ ಅವರ ಬದುಕಿನಲ್ಲಿ ಇನ್ನೊಂದು ಸಂಗತಿ ನಡೆಯಿತು. ಲಿಡೆಲ್ ಬಹಳ ಸಂಕೋಚದ ಹುಡುಗ, ನಾಲ್ಕು ಜನರ ಮುಂದೆ ನಿಂತು ಮಾತಾಡಿದವರಲ್ಲ. ಡಿ. ಪಿ. ಥಾಮ್ಸನ್ ಎಂಬ ಸುವಾರ್ತಿಕರು ಬಂದು, ಆರ್ಮಡೇಲ್ ಎಂಬ ಗಣಿ ಊರಿನ ಗಂಡಸರ ಮುಂದೆ ನಿನ್ನ ನಂಬಿಕೆಯ ಬಗ್ಗೆ ಎರಡು ಮಾತು ಆಡುತ್ತೀಯಾ ಎಂದು ಕೇಳಿದರು. ಉಪದೇಶಕರ ಮಾತಿಗೆ ಕಿವಿಗೊಡದ ಗಣಿ ಕೆಲಸಗಾರರು ಓಟಗಾರನ ಮಾತನ್ನಾದರೂ ಕೇಳಬಹುದು ಎಂಬುದು ಥಾಮ್ಸನ್ನರ ಎಣಿಕೆ. ಲಿಡೆಲ್ ಒಪ್ಪಿದರು. ಆ ದಿನದಿಂದ ಅವರ ಕಾಲಿನ ಹೆಸರು ಅವರ ಬಾಯಿಯ ಮಾತಿಗೂ ದಾರಿಯಾಯಿತು.

ಇನ್ನು ಪ್ಯಾರಿಸ್. 1924ರ ಒಲಿಂಪಿಕ್ಸ್‌ನಲ್ಲಿ ನೂರು ಮೀಟರ್ ಓಟಕ್ಕೆ ಬ್ರಿಟನ್ ನೆಚ್ಚಿಕೊಂಡಿದ್ದವರಲ್ಲಿ ಲಿಡೆಲ್ ಮುಂದಿನ ಸಾಲಿನವರು. ವೇಳಾಪಟ್ಟಿ ಬಂದಾಗ ನೂರು ಮೀಟರಿನ ಮೊದಲ ಸುತ್ತು ಜುಲೈ 6ರಂದು ಎಂದಿತ್ತು. ಅದು ಭಾನುವಾರ. ಸ್ಕಾಟ್ಲೆಂಡಿನ ದೈವಭಕ್ತ ಮನೆಗಳಲ್ಲಿ ಭಾನುವಾರವೆಂದರೆ ಕರ್ತನ ದಿನ. ಅಂದು ವ್ಯಾಪಾರವಿಲ್ಲ, ಆಟವಿಲ್ಲ, ಪಂದ್ಯವಿಲ್ಲ. ಲಿಡೆಲ್ ಆ ದಿನ ಓಡುವುದಿಲ್ಲವೆಂದರು. ಪತ್ರಿಕೆಗಳಲ್ಲಿ ಟೀಕೆ ಬಂತು, ದೇಶದ ಮಾನ ಕಾಯಬಾರದೇ ಎಂದು ಕೇಳಿದವರೂ ಇದ್ದರು. ಲಿಡೆಲ್ ವಾದಕ್ಕೆ ನಿಲ್ಲಲಿಲ್ಲ. ಎರಡು ರಿಲೇ ಓಟಗಳಿಂದಲೂ ಭಾನುವಾರದ ಕಾರಣಕ್ಕೇ ಹಿಂದೆ ಸರಿದರು. ಜುಲೈ 6ರಂದು ಪ್ಯಾರಿಸ್ಸಿನ ಸ್ಕಾಟಿಷ್ ಚರ್ಚಿನಲ್ಲಿ ಪ್ರಸಂಗ ಮಾಡಿದರು. ನೂರು ಮೀಟರಿನ ಚಿನ್ನ ಅವರ ತಂಡದವರೇ ಆದ ಹೆರಾಲ್ಡ್ ಅಬ್ರಹಾಮ್ಸ್ ಅವರಿಗೆ ಬಂತು.

1981ರಲ್ಲಿ ಬಂದ 'ಚಾರಿಯಟ್ಸ್ ಆಫ್ ಫೈರ್' ಚಲನಚಿತ್ರವನ್ನು ನಿಮ್ಮಲ್ಲಿ ಹಲವರು ನೋಡಿರುತ್ತೀರಿ. ಲಿಡೆಲ್ ಹೆಸರು ಲೋಕಕ್ಕೆ ಮತ್ತೆ ತಿಳಿದದ್ದು ಅದರಿಂದ. ಆ ಚಿತ್ರದಲ್ಲಿ ಲಿಡೆಲ್ ಹಡಗು ಹತ್ತುವ ಹೊತ್ತಿಗೆ ಭಾನುವಾರದ ಸುದ್ದಿ ಅವರ ಕಿವಿಗೆ ಬೀಳುತ್ತದೆ. ನಿಜವಾಗಿ ಅವರಿಗೆ ಅದು ತಿಂಗಳುಗಳ ಮೊದಲೇ ಗೊತ್ತಿತ್ತು. ಓಡುವಾಗ ದೇವರ ಸಂತೋಷ ತನಗೆ ತಿಳಿಯುತ್ತದೆ ಎಂಬ ಅರ್ಥದ, ಎಲ್ಲರ ಬಾಯಲ್ಲೂ ಓಡಾಡುವ ಆ ಮಾತು ಕೂಡ ಚಿತ್ರಕಥೆ ಬರೆದ ಕಾಲಿನ್ ವೆಲ್ಯಾಂಡ್ ಅವರದು. ಚಿತ್ರ ಒಳ್ಳೆಯದೇ. ಆದರೆ ತಿಂಗಳುಗಳ ಮೊದಲೇ ಗೊತ್ತಿತ್ತು ಎಂಬ ಸಂಗತಿ ನನಗೆ ಬಹಳ ಮುಖ್ಯ. ನೂರು ಮೀಟರ್ ಬಿಟ್ಟವರು ಸುಮ್ಮನೆ ಕೂರಲಿಲ್ಲ. ತರಬೇತುದಾರ ಟಾಮ್ ಮೆಕರ್ಚರ್ ಅವರ ಕೈಕೆಳಗೆ 200 ಮತ್ತು 400 ಮೀಟರಿಗೆ ಮೈ ಪಳಗಿಸಿದರು. ನೂರು ಮೀಟರಿನ ವೇಗಿಗೆ ನಾನೂರು ಬೇರೆಯೇ ಓಟ. ಉಸಿರನ್ನು ಹಂಚಿಕೊಳ್ಳುವ ಲೆಕ್ಕ ಬೇರೆ, ಕೊನೆಯ ನೂರು ಮೀಟರಿನಲ್ಲಿ ಕಾಲು ಕಲ್ಲಾದಾಗ ತಡೆದುಕೊಳ್ಳುವ ಬಲ ಬೇರೆ. ಪ್ರಾರ್ಥನೆ ಮಾಡಿದರು, ಓಡಿದರು, ಪವಾಡವಾಯಿತು ಎಂದು ಈ ಕತೆಯನ್ನು ಹೇಳುವವರು ಆ ತಿಂಗಳುಗಳ ಬೆವರನ್ನು ಮರೆಯುತ್ತಾರೆ. ನಂಬಿಕೆ ಅಭ್ಯಾಸವನ್ನು ತಪ್ಪಿಸುವುದಿಲ್ಲ.

ಜುಲೈ 9ರಂದು 200 ಮೀಟರಿನಲ್ಲಿ ಲಿಡೆಲ್‌ಗೆ ಕಂಚು. ಸಮಯ 21.9 ಸೆಕೆಂಡು. ಜುಲೈ 11, ಶುಕ್ರವಾರ, ಕೊಲೊಂಬ್ ಕ್ರೀಡಾಂಗಣದಲ್ಲಿ 400 ಮೀಟರಿನ ಕೊನೆಯ ಸುತ್ತು. ಅಂದು ಬ್ರಿಟಿಷ್ ತಂಡದ ಮೈತಿಕ್ಕುವವರೊಬ್ಬರು ಅವರ ಕೈಗೆ ಒಂದು ಚೀಟಿ ಕೊಟ್ಟಿದ್ದರು. ದೇವರನ್ನು ಗೌರವಿಸುವವರನ್ನು ದೇವರೂ ಗೌರವಿಸುತ್ತಾನೆಂಬ, ಸಮುವೇಲನ ಮೊದಲ ಪುಸ್ತಕದ ಮಾತನ್ನು ನೆನಪಿಸುವ ಚೀಟಿ ಅದು. ಲಿಡೆಲ್‌ಗೆ ಸಿಕ್ಕಿದ್ದು ತೀರ ಹೊರಗಿನ ಪಥ. ಅಲ್ಲಿಂದ ಓಡುವವನಿಗೆ ಎದುರಾಳಿಗಳು ಕಣ್ಣಿಗೆ ಬೀಳುವುದಿಲ್ಲ, ಅವರೆಲ್ಲ ಹಿಂದೆ ಇರುತ್ತಾರೆ. ಯಾರ ವೇಗ ಎಷ್ಟೆಂದು ತಿಳಿಯದೆ ಒಬ್ಬನೇ ಓಡಬೇಕು. ಲಿಡೆಲ್ ಮೊದಲ 200 ಮೀಟರನ್ನು 22.2 ಸೆಕೆಂಡಿನಲ್ಲಿ ಓಡಿಬಿಟ್ಟರು. ಎರಡು ದಿನ ಹಿಂದೆ ಕಂಚು ತಂದುಕೊಟ್ಟ 200 ಮೀಟರಿಗಿಂತ ಇದು ನಿಧಾನವಾದದ್ದು ಬರೀ ಸೆಕೆಂಡಿನ ಹತ್ತನೇ ಮೂರು ಭಾಗ! ನೋಡುತ್ತಿದ್ದವರು ಈತ ಇನ್ನು ಕುಸಿಯುತ್ತಾನೆಂದುಕೊಂಡರು. ತಲೆ ಹಿಂದಕ್ಕೆ ಬಿತ್ತು, ಬಾಯಿ ತೆರೆಯಿತು, ವೇಗ ಇಳಿಯಲಿಲ್ಲ. 47.6 ಸೆಕೆಂಡಿಗೆ ಗೆರೆ ಮುಟ್ಟಿದರು. ಅದು ಹೊಸ ಒಲಿಂಪಿಕ್ ದಾಖಲೆ. ಎರಡನೆಯವರಾದ ಅಮೆರಿಕದ ಹೊರೇಷಿಯೊ ಫಿಚ್ 48.4 ಸೆಕೆಂಡು ತೆಗೆದುಕೊಂಡಿದ್ದರು. ಗೆಲುವಿನ ಗುಟ್ಟೇನೆಂದು ಕೇಳಿದವರಿಗೆ, ಮೊದಲರ್ಧವನ್ನು ನನ್ನ ಬಲದಿಂದ ಆದಷ್ಟು ಜೋರಾಗಿ ಓಡುತ್ತೇನೆ, ಉಳಿದರ್ಧವನ್ನು ದೇವರ ಸಹಾಯದಿಂದ ಇನ್ನೂ ಜೋರಾಗಿ ಓಡುತ್ತೇನೆ ಎಂಬರ್ಥದ ಉತ್ತರವನ್ನು ಆಮೇಲೆ ಲಿಡೆಲ್ ಕೊಟ್ಟರಂತೆ.

ಆ ಓಟವನ್ನು ನಾನು ಹೀಗೆ ಅರ್ಥ ಮಾಡಿಕೊಂಡಿದ್ದೇನೆ. ತನಗೆ ಅತ್ಯಂತ ಹತ್ತಿರವಿದ್ದ ಗೆಲುವನ್ನು ಮೊದಲೇ ಬಿಟ್ಟುಕೊಟ್ಟವರಿಗೆ ಕಳೆದುಕೊಳ್ಳುವ ಭಯ ಉಳಿದಿರಲಿಲ್ಲ. ಕೈ ಬಿಗಿಹಿಡಿದು ಓಡುವವನ ಭುಜ ಬಿಗಿಯುತ್ತದೆ, ಉಸಿರು ಮೇಲಕ್ಕೇರುತ್ತದೆ. ಓಡಿದವರಿಗೆಲ್ಲ ಇದು ಗೊತ್ತು. ಲಿಡೆಲ್ ಕೈ ಬಿಚ್ಚಿ ಓಡಿದರು.

ಪ್ಯಾರಿಸ್ಸಿನಿಂದ ಬಂದ ಕೆಲವೇ ದಿನಗಳಲ್ಲಿ ಎಡಿನ್‌ಬರೊದಲ್ಲಿ ಪದವಿ ಪ್ರದಾನ. ವಿದ್ಯಾರ್ಥಿಗಳು ಅವರನ್ನು ಹೆಗಲ ಮೇಲೆ ಹೊತ್ತು ಬೀದಿಯಲ್ಲಿ ಮೆರೆಸಿದರು. ಅಷ್ಟು ಹೆಸರಿದ್ದವರು ಮರುವರ್ಷ, 1925ರಲ್ಲಿ, ಚೀನಾಕ್ಕೆ ಹೊರಟರು. ತಿಯೆನ್‌ತ್ಸಿನ್‌ನ ಕಾಲೇಜಿನಲ್ಲಿ ಹುಡುಗರಿಗೆ ವಿಜ್ಞಾನ ಕಲಿಸಿದರು, ಆಟ ಕಲಿಸಿದರು. 1932ರಲ್ಲಿ ಸಭಾಪಾಲಕರಾಗಿ ಅಭಿಷೇಕ ಪಡೆದರು. 1934ರಲ್ಲಿ ಕೆನಡಾ ಮೂಲದ ಫ್ಲಾರೆನ್ಸ್ ಮೆಕೆಂಜಿ ಅವರನ್ನು ಮದುವೆಯಾದರು. 1937ರಲ್ಲಿ ಜಪಾನಿನ ಸೇನೆ ಚೀನಾದ ಒಳನಾಡಿಗೆ ನುಗ್ಗುತ್ತಿದ್ದಾಗ, ನಗರದ ನೆಮ್ಮದಿ ಬಿಟ್ಟು ಶಿಯಾವೊಚಾಂಗ್ ಎಂಬ ಹಳ್ಳಿಗಾಡಿನ ಮಿಷನ್ನಿಗೆ ಹೋದರು. ಅವರ ಅಣ್ಣ ರಾಬ್ ಅಲ್ಲಿಯ ಆಸ್ಪತ್ರೆಯಲ್ಲಿ ವೈದ್ಯರು. ಸೈಕಲ್ ತುಳಿದು, ನಡೆದು, ಎರಡು ಸೇನೆಗಳ ನಡುವೆ ಸಿಕ್ಕಿದ ಹಳ್ಳಿಗಳನ್ನು ಲಿಡೆಲ್ ಸುತ್ತಿದರು. ಪಾಳು ಗುಡಿಯಲ್ಲಿ ಗಾಯಗೊಂಡು ಬಿದ್ದಿದ್ದ ಸೈನಿಕನೊಬ್ಬನನ್ನು ಒಮ್ಮೆ ಗಾಡಿಯಲ್ಲಿ ಹಾಕಿಕೊಂಡು ಬರುತ್ತಿದ್ದರು. ದಾರಿಯಲ್ಲಿ ಜಪಾನೀಯರ ಕತ್ತಿಯೇಟಿಗೆ ಕುತ್ತಿಗೆ ಸೀಳಿಯೂ ಜೀವ ಉಳಿದಿದ್ದ ಇನ್ನೊಬ್ಬನ ಸುದ್ದಿ ತಿಳಿಯಿತು. ಅವನನ್ನೂ ಎತ್ತಿಕೊಂಡು ಇಬ್ಬರನ್ನೂ ಆಸ್ಪತ್ರೆಗೆ ತಲುಪಿಸಿದರು. ಸೈನಿಕ ಸತ್ತ. ಇನ್ನೊಬ್ಬ ಬದುಕಿದ. ಅವನು ಚಿತ್ರಕಾರ, ಮುಂದೆ ಒಂದು ಹೂವಿನ ಚಿತ್ರ ಬರೆದು ಲಿಡೆಲ್‌ಗೆ ಕೊಟ್ಟ. ಒಲಿಂಪಿಕ್ ಕಾಲುಗಳು ಏನಕ್ಕೆ ಬಂದವು ಎಂದು ಕೇಳುವವರಿಗೆ ನಾನು ಈ ಗಾಡಿಯ ಪ್ರಯಾಣವನ್ನು ಹೇಳುತ್ತೇನೆ. ಮೈಯಲ್ಲಿ ಕಸುವಿದ್ದದ್ದಕ್ಕೆ ಆ ದಾರಿ ಸವೆಯಿತು.

1941ರಲ್ಲಿ ಗರ್ಭಿಣಿ ಹೆಂಡತಿಯನ್ನೂ ಇಬ್ಬರು ಹೆಣ್ಣುಮಕ್ಕಳನ್ನೂ ಕೆನಡಾಕ್ಕೆ ಕಳುಹಿಸಿ ಲಿಡೆಲ್ ಚೀನಾದಲ್ಲೇ ಉಳಿದರು. ಮೂರನೆಯ ಮಗಳ ಮುಖವನ್ನು ಅವರು ನೋಡಲೇ ಇಲ್ಲ. 1943ರ ಮಾರ್ಚಿನಲ್ಲಿ ಜಪಾನೀಯರು ಅವರನ್ನು ವೈಶಿಯನ್ ಎಂಬಲ್ಲಿಯ ಬಂಧನ ಶಿಬಿರಕ್ಕೆ ಒಯ್ದರು. ಅಮೆರಿಕದ ಪ್ರೆಸ್ಬಿಟೇರಿಯನ್ ಮಿಷನ್ನಿನ ಹಳೆಯ ಆವರಣ ಅದು. ಒಂದೂವರೆ ಸಾವಿರದಷ್ಟು ಜನ ಇಕ್ಕಟ್ಟಿನಲ್ಲಿ ಬದುಕಬೇಕಾದ ಜಾಗ. ತಂದೆತಾಯಿಯಿಂದ ಅಗಲಿದ ಮಿಷನ್ ಶಾಲೆಯ ಮಕ್ಕಳು ಅಲ್ಲಿ ಬಹಳ ಇದ್ದರು. ಅವರಿಗೆಲ್ಲ ಲಿಡೆಲ್ 'ಅಂಕಲ್ ಎರಿಕ್' ಆದರು. ಪ್ರಯೋಗಾಲಯವಿಲ್ಲದೆ, ಉಪಕರಣಗಳ ಚಿತ್ರ ಬರೆದು ರಸಾಯನಶಾಸ್ತ್ರ ಹೇಳಿಕೊಟ್ಟರು. ಮುರಿದ ಹಾಕಿ ಕೋಲುಗಳನ್ನು ಬಟ್ಟೆಯ ಪಟ್ಟಿ ಸುತ್ತಿ ಸರಿ ಮಾಡಿದರು. ವಯಸ್ಸಾದವರಿಗೆ ನೀರು, ಕಲ್ಲಿದ್ದಲು ಹೊತ್ತರು. ಅದೇ ಶಿಬಿರದಲ್ಲಿದ್ದ ಲ್ಯಾಂಗ್‌ಡನ್ ಗಿಲ್ಕಿ ಎಂಬ ಅಮೆರಿಕನ್ ಯುವಕ ಮುಂದೆ ದೊಡ್ಡ ದೇವತಾಶಾಸ್ತ್ರಜ್ಞರಾದರು. ತಮ್ಮ 'ಶಾಂಟುಂಗ್ ಕಾಂಪೌಂಡ್' ಪುಸ್ತಕದಲ್ಲಿ, ಹಸಿವು ಇಕ್ಕಟ್ಟುಗಳಲ್ಲಿ ಭಕ್ತರೆನಿಸಿಕೊಂಡವರೂ ಹೇಗೆ ಸ್ವಾರ್ಥಿಗಳಾಗುತ್ತಾರೆಂದು ಅವರು ಮುಲಾಜಿಲ್ಲದೆ ಬರೆದರು. ಲಿಡೆಲ್ ಒಬ್ಬರನ್ನು ಮಾತ್ರ, ಹೆಸರು ಬದಲಿಸಿ, ಸಂತರ ಸಾಲಿನಲ್ಲಿ ನಿಲ್ಲಿಸಿದರು.

ಈ ಭಾಷಣಕ್ಕೆ ನಾನು ಒಪ್ಪಿಕೊಂಡದ್ದೇ ಆ ಶಿಬಿರದ ಒಂದು ಭಾನುವಾರದ ವಿಷಯ ಹೇಳಲೆಂದು. ಅಲ್ಲಿ ಮಕ್ಕಳಿಗೆ ಆಟ ಏರ್ಪಡಿಸುತ್ತಿದ್ದವರು ಲಿಡೆಲ್. ಆದರೆ ಭಾನುವಾರ ಆಟ ಬೇಡ ಎಂಬುದು ಅವರ ಎಂದಿನ ನಿಲುವು. ಸುತ್ತ ಗೋಡೆ, ಕಾವಲು, ಮಾಡಲು ಕೆಲಸವಿಲ್ಲದ ಹರೆಯದ ಹುಡುಗರು. ಒಂದು ಭಾನುವಾರ ಅವರೇ ಹಾಕಿ ಆಡಿದರು. ತೀರ್ಪುಗಾರರಿಲ್ಲದ ಆಟ ಜಗಳವಾಗಿ, ಕೈ ಕೈ ಮಿಲಾಯಿಸುವ ತನಕ ಹೋಯಿತು. ಮುಂದಿನ ಭಾನುವಾರ ಹುಡುಗರು ಮೈದಾನಕ್ಕೆ ಬಂದಾಗ ತೀರ್ಪುಗಾರರಾಗಿ ಲಿಡೆಲ್ ನಿಂತಿದ್ದರು.

ಚಿನ್ನದ ಪದಕಕ್ಕಾಗಿ, ದೇಶದ ಕೀರ್ತಿಗಾಗಿ ಮುರಿಯದ ವ್ರತವನ್ನು ಹುಡುಗರು ಹೊಡೆದಾಡಬಾರದೆಂಬ ಕಾರಣಕ್ಕೆ ಸಡಿಲಿಸಿದರು. ಹಾಗಾದರೆ ಪ್ಯಾರಿಸ್ಸಿನ ನಿಲುವು ತಪ್ಪಾಗಿತ್ತೇ? ಅಲ್ಲ. ಪ್ಯಾರಿಸ್ಸಿನಲ್ಲಿ ಓಡಿದ್ದರೆ ಲಾಭ ಅವರಿಗೆ, ಶಿಬಿರದಲ್ಲಿ ಹಟ ಹಿಡಿದಿದ್ದರೆ ನಷ್ಟ ಮಕ್ಕಳಿಗೆ. ತನ್ನ ಲಾಭ ಎದುರಿಗಿದ್ದಾಗ ನಿಯಮವನ್ನು ಬಿಗಿಯಾಗಿ ಹಿಡಿದರು. ಮಕ್ಕಳಿಗೆ ಕೆಡುಕಾಗುವಾಗ ಸಡಿಲ ಬಿಟ್ಟರು. ವಿಶ್ರಾಂತಿಯ ದಿನವಾದ ಸಬ್ಬತ್ ಮನುಷ್ಯರಿಗಾಗಿ ಇದೆಯೆಂದು ಯೇಸುಸ್ವಾಮಿ ಕಲಿಸಿದ್ದನ್ನು ಲಿಡೆಲ್ ಮೈಯಾರೆ ತಿಳಿದಿದ್ದರು. ನಮ್ಮಲ್ಲಿ ಹಲವರು ಇದನ್ನು ತಿರುವುಮುರುವು ಮಾಡುತ್ತೇವೆ. ನಮ್ಮ ಅನುಕೂಲಕ್ಕೆ ನಿಯಮ ಸಡಿಲವಾಗುತ್ತದೆ, ಮಕ್ಕಳ ಮೇಲೆ ಹೇರುವಾಗ ಬಿಗಿಯಾಗುತ್ತದೆ.

ಕೊನೆಯ ತಿಂಗಳುಗಳಲ್ಲಿ ಲಿಡೆಲ್‌ಗೆ ವಿಪರೀತ ತಲೆನೋವು, ಮಂಕು. ಶಿಬಿರದ ವೈದ್ಯರಿಗೆ ಅದು ನರಗಳ ಬಳಲಿಕೆಯಂತೆ ಕಂಡಿತು. ನಂಬಿಕೆಯುಳ್ಳ ತನಗೆ ಈ ಮಂಕು ಏಕೆ ಕವಿಯಬೇಕೆಂದು ಲಿಡೆಲ್ ತಮ್ಮಲ್ಲೇ ನೊಂದರು. ಸತ್ತ ಮೇಲೆ ಪರೀಕ್ಷಿಸಿದಾಗ ಮೆದುಳಿನಲ್ಲಿ ಗಡ್ಡೆ ಇದ್ದದ್ದು ತಿಳಿಯಿತು. ಇದನ್ನು ಓದಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಕಾಯಿಲೆ ಬಿದ್ದವರಿಗೆ, ಮನಸ್ಸು ಕುಗ್ಗಿದವರಿಗೆ "ನಿನಗೆ ನಂಬಿಕೆ ಸಾಲದು" ಎಂದು ಹೇಳುವವರು ನಮ್ಮ ಸಭೆಗಳಲ್ಲಿ ಇಂದಿಗೂ ಇದ್ದಾರೆ. ದಯವಿಟ್ಟು ಹಾಗೆ ಹೇಳಬೇಡಿ. ದೇಹಕ್ಕೆ ಅದರದೇ ನೋವುಗಳಿವೆ. ನೊಂದವರನ್ನು ವೈದ್ಯರ ಹತ್ತಿರ ಕರೆದುಕೊಂಡು ಹೋಗಿ, ಪ್ರಾರ್ಥನೆಯನ್ನೂ ಮಾಡಿ.

1945ರ ಫೆಬ್ರುವರಿ 21ರಂದು, 43ನೆಯ ವಯಸ್ಸಿನಲ್ಲಿ ಲಿಡೆಲ್ ತೀರಿಕೊಂಡರು. ಅದೇ ಆಗಸ್ಟಿನಲ್ಲಿ ಶಿಬಿರ ಬಿಡುಗಡೆಯಾಯಿತು. ಸಾಯುವ ಕೆಲವು ವಾರ ಮುಂಚೆ, ತಮ್ಮ ಓಟದ ಹಳೆಯ ಜೋಡುಗಳನ್ನು ಚಳಿಯಲ್ಲಿ ಕಾಲಿಗೆ ಗತಿಯಿಲ್ಲದಿದ್ದ ಸ್ಟೀಫನ್ ಮೆಟ್ಕಾಫ್ ಎಂಬ ಹುಡುಗನಿಗೆ ಕೊಟ್ಟಿದ್ದರು. ಶತ್ರುಗಳಿಗಾಗಿ ಪ್ರಾರ್ಥಿಸುವುದನ್ನು ಆ ಹುಡುಗನಿಗೆ ಕಲಿಸಿದವರೂ ಅವರೇ. ತನ್ನನ್ನು ಸೆರೆಯಲ್ಲಿಟ್ಟಿದ್ದ ಜಪಾನಿಗೇ ಮೆಟ್ಕಾಫ್ ಮುಂದೆ ಮಿಷನರಿಯಾಗಿ ಹೋಗಿ ಅಲ್ಲಿ ದಶಕಗಳ ಕಾಲ ಸೇವೆ ಮಾಡಿದರು.

ನಂಬಿಕೆಗೂ ದೇಹಸಾಧನೆಗೂ ಇರುವ ನಂಟು ನಮ್ಮ ನಾಡಿಗೂ ಬಂದಿದೆ. ಲಿಡೆಲ್ ಓಡಿದ ಅದೇ ಪ್ಯಾರಿಸ್ ಒಲಿಂಪಿಕ್ಸ್‌ಗೆ ಭಾರತದ ತಂಡವೂ ಹೋಗಿತ್ತು. ಅದರ ಜೊತೆ ಹೋದವರು ಹ್ಯಾರಿ ಕ್ರೋ ಬಕ್. ಕ್ರೈಸ್ತ ಯುವಕರ ಸಂಸ್ಥೆಯಾದ ವೈಎಂಸಿಎ ಕಳುಹಿಸಿದ ಅಮೆರಿಕನ್, 1920ರಲ್ಲಿ ಮದರಾಸಿನಲ್ಲಿ ದೈಹಿಕ ಶಿಕ್ಷಣದ ಶಾಲೆ ತೆರೆದವರು. ದಕ್ಷಿಣ ಭಾರತದ ಹೈಸ್ಕೂಲುಗಳ ಎಷ್ಟೋ ಡ್ರಿಲ್ ಮಾಸ್ತರರು ಅಲ್ಲಿ ಕಲಿತು ಬಂದವರು. ದೇಹ, ಮನಸ್ಸು, ಆತ್ಮ ಮೂರೂ ಒಟ್ಟಿಗೆ ಬೆಳೆಯಬೇಕೆಂಬುದು ವೈಎಂಸಿಎ ಹಿಡಿದ ದಾರಿ. ದೇವತಾಶಾಸ್ತ್ರ ಓದಿದ್ದ ಜೇಮ್ಸ್ ನೈಸ್ಮಿತ್ ಅಮೆರಿಕದಲ್ಲಿ ಅದರ ಸ್ಪ್ರಿಂಗ್‌ಫೀಲ್ಡ್ ಶಾಲೆಯಲ್ಲಿ 1891ರಲ್ಲಿ ಬಾಸ್ಕೆಟ್‌ಬಾಲ್ ಹುಟ್ಟುಹಾಕಿದರು. ಹೋಲಿಯೋಕ್‌ನ ವೈಎಂಸಿಎಯಲ್ಲಿ ವಿಲಿಯಂ ಮಾರ್ಗನ್ 1895ರಲ್ಲಿ ವಾಲಿಬಾಲ್ ಶುರುಮಾಡಿದರು. ಇಂದು ನಮ್ಮ ಹಳ್ಳಿಗಳ ಬಯಲಲ್ಲಿ ಎರಡು ಗಳ ನೆಟ್ಟು ನೆಟ್ ಕಟ್ಟಿ ಆಡುವ ಹುಡುಗರಿಗೆ ಆ ಆಟ ಬಂದ ದಾರಿ ಇದು.

ಇನ್ನು, ಓಟವೋ ಚರ್ಚೋ ಎಂಬ ನಮ್ಮ ಯುವಕರ ಪ್ರಶ್ನೆಗೆ ನನ್ನ ಉತ್ತರ. ವರ್ಷಕ್ಕೊಂದು ಓಟಕ್ಕೆ ಹೆಸರು ಕೊಟ್ಟಿದ್ದೀರಿ, ನಿಮ್ಮ ಚರ್ಚಿನಲ್ಲಿ ಸಂಜೆಯ ಆರಾಧನೆ ಇದೆ ಎಂದಾದರೆ ಬೆಳಿಗ್ಗೆ ಓಡಿ, ಸಂಜೆ ಬನ್ನಿ. ದೇವರು ನಿಮ್ಮ ಮೇಲೆ ಮುನಿಯುವುದಿಲ್ಲ. ಆದರೆ ಒಂದು ಭಾನುವಾರದ ಓಟವನ್ನೂ ಬಿಡಲು ಆಗದು, ಬಿಟ್ಟರೆ ದಿನವೆಲ್ಲ ತಳಮಳ ಎನ್ನುವ ಮಟ್ಟಕ್ಕೆ ಬಂದಿದ್ದರೆ, ಆ ಭಾನುವಾರವೇ ಬಿಡಿ. ಆಗ ಓಟ ನಿಮ್ಮ ಕೈಯಲ್ಲಿಲ್ಲ, ನೀವು ಅದರ ಕೈಯಲ್ಲಿದ್ದೀರಿ. ಮೊಬೈಲಿನಲ್ಲಿ ಹೆಜ್ಜೆ ಎಣಿಸಿ, ನಿಮಿಷ ಎಣಿಸಿ, ಅದನ್ನು ನಾಲ್ಕು ಜನಕ್ಕೆ ತೋರಿಸಿ ತೃಪ್ತಿಪಡುವುದು ಬಹಳ ಬೇಗ ಅಭ್ಯಾಸವಾಗುತ್ತದೆ.

ಓಡುತ್ತ ಪ್ರಾರ್ಥಿಸಬಹುದೇ ಎಂದೂ ಕೇಳುತ್ತಾರೆ. ಖಂಡಿತ. ಉದ್ದದ ಪ್ರಾರ್ಥನೆಗೆ ಉಸಿರು ಸಾಲದು. ನಾನು ಒಂದೊಂದೇ ಹೆಸರು ನೆನೆಯುತ್ತೇನೆ. ಆಸ್ಪತ್ರೆಯಲ್ಲಿರುವವರು, ಕೆಲಸ ಕಳೆದುಕೊಂಡವರು, ನನ್ನ ಮೇಲೆ ಮುನಿಸಿಕೊಂಡವರು. ಅವರವರ ಮನೆ ದಾರಿಯಲ್ಲಿ ಸಿಕ್ಕರೆ ಹೆಸರು ತಾನಾಗಿ ಬಾಯಿಗೆ ಬರುತ್ತದೆ. ಹೊಸದಾಗಿ ಶುರುಮಾಡುವವರು ಮೊದಲು ಕೆಲವು ವಾರ ಬಿರುಸಾಗಿ ನಡೆಯಿರಿ. ಆಮೇಲೆ ನಡುನಡುವೆ ಸ್ವಲ್ಪ ಓಡಿ. ಪಕ್ಕದವರೊಡನೆ ಮಾತಾಡಲು ಆಗುವಷ್ಟೇ ವೇಗವಿರಲಿ. ನಲವತ್ತು ದಾಟಿದವರು, ಸಕ್ಕರೆ ಕಾಯಿಲೆ, ಎದೆನೋವು ಇರುವವರು ವೈದ್ಯರನ್ನು ಕೇಳದೆ ಓಟಕ್ಕಿಳಿಯಬೇಡಿ. ವಾರದಲ್ಲಿ ಒಂದು ದಿನ ಪೂರ್ತಿ ವಿಶ್ರಾಂತಿ ಇರಲಿ. ದುಡಿದ ಸ್ನಾಯು ಬಲಗೊಳ್ಳುವುದು ವಿಶ್ರಾಂತಿಯ ಹೊತ್ತಿನಲ್ಲೇ. ಆರು ದಿನ ದುಡಿದು ಏಳನೆಯ ದಿನ ನಿಲ್ಲು ಎಂದ ಕಟ್ಟಳೆ ದೇಹಕ್ಕೂ ಹೊಂದುತ್ತದೆ.

ಸಭಾಪಾಲಕರಲ್ಲಿ, ಚರ್ಚ್ ಕಮಿಟಿಯವರಲ್ಲಿ ನನ್ನದೊಂದು ಬೇಡಿಕೆ ಇದೆ. ಬೆಂಗಳೂರು, ಬಳ್ಳಾರಿ, ಧಾರವಾಡ, ಮಂಗಳೂರುಗಳ ಹಳೆಯ ಚರ್ಚುಗಳ ಸುತ್ತ ಮರಗಳಿರುವ ವಿಶಾಲ ಅಂಗಳಗಳಿವೆ. ವಾರದ ಆರು ದಿನ ಅವುಗಳ ಗೇಟಿಗೆ ಬೀಗ. ಹೊರಗೆ ಮಕ್ಕಳಿಗೆ ಆಡಲು ಜಾಗವಿಲ್ಲ, ಹೆಂಗಸರಿಗೆ ನಿರ್ಭಯವಾಗಿ ನಡೆಯಲು ಫುಟ್‌ಪಾತ್ ಇಲ್ಲ. ಬೆಳಿಗ್ಗೆ ಐದರಿಂದ ಏಳರ ತನಕ, ಸಂಜೆ ಕತ್ತಲಾಗುವವರೆಗೆ ಆ ಬೀಗ ತೆಗೆಯಿರಿ. ಯಾವ ಮತದವರು ಎಂದು ಕೇಳಬೇಡಿ. ಕಾವಲಿಗೆ ಒಬ್ಬರನ್ನು ನಿಲ್ಲಿಸಿ, ಕುಡಿಯುವ ನೀರಿಡಿ, ಮಕ್ಕಳಿಗೆ ಒಂದು ವಾಲಿಬಾಲ್ ನೆಟ್ ಕಟ್ಟಿಕೊಡಿ. ಅದಕ್ಕೆ ದೊಡ್ಡ ಖರ್ಚಿಲ್ಲ. ಮುಂದಿನ ಕ್ರಿಸ್ಮಸ್ ಬರುವವರೆಗೆ ಕಾಯದೆ, ಈ ತಿಂಗಳ ಕಮಿಟಿ ಸಭೆಯಲ್ಲೇ ಈ ವಿಷಯವನ್ನು ಎತ್ತಿ.